ಬಾನುಲಿಯಲ್ಲಿ ಎರಡು ಪಕ್ಷದ ಮಾತು

ಪ್ರಶ್ನೆ: ಎರಡೂ ಪಕ್ಷಗಳ ಅಭಿಪ್ರಾಯವನ್ನು ಬಿತ್ತರಿಸಬೇಕೆಂದು ಆಕಾಶವಾಣಿಗೆ ಕಟ್ಟಳೆಯುಂಟೆ? (ಓದುಗರು, ಚಿಗಟೇರಿ)

ಉತ್ತರ: ಉಂಟು. 1990ರಲ್ಲಿ ರಚಿತವಾಗಿ 1997ರಲ್ಲಿ ಜಾರಿಗೆ ಬಂದ, ಆಕಾಶವಾಣಿಗೂ ಅನ್ವಯಿಸುವ ಪ್ರಸಾರ ಭಾರತಿ ಅಧಿನಿಯಮದ 12ನೆಯ ಪ್ರಕರಣವು, ಸಾರ್ವಜನಿಕ ವಿಷಯಗಳಲ್ಲಿ ಪರಸ್ಪರ ಭಿನ್ನವಾದ ಅಭಿಪ್ರಾಯಗಳನ್ನೊಳಗೊಂಡ ಸಮತೋಲ ಮಾಹಿತಿಯನ್ನು, ಸ್ವಂತದ ಯಾವ ಸಿದ್ಧಾಂತವನ್ನೂ ಪ್ರತಿಪಾದಿಸದೆ ನೀಡತಕ್ಕದ್ದೆಂದು ವಿಧಿಸಿರುವುದು. ಅಮೆರಿಕೆಯಲ್ಲಿ 1949ರಿಂದಿದ್ದ ಇಂಥದೇ ನಿಯಮವು, ಪ್ರಸಾರಕರು ಅಂಜಿ ವಿವಾದಗಳನ್ನೇ ಕೈಬಿಡುವರೆಂಬ ಆಕ್ಷೇಪಕ್ಕೀಡಾಗಿ 1987ರಲ್ಲಿ ರದ್ದಾಯಿತು. ಆ ಆಕ್ಷೇಪವನ್ನು ನಾನು ಒಪ್ಪಲಾರೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ಸಾರಿರುವಾಗ, ಹೋಟೆಲಿನ ಕಟ್ಟೆಯ ಮೇಲೆ ಮಂಡಕ್ಕಿ ಮುಕ್ಕುತ್ತ ಮೆಕ್ಕೆಜೋಳದ ಬೆಲೆಯ ಚರ್ಚೆಗೆ ಕಿವಿಗೊಟ್ಟ ರೈತನು, ವರ್ತಕನ ಮಾತಿನೊಡನೆ ತನ್ನ ಪಕ್ಷದ ಮಾತನ್ನೂ ಕೇಳುವ ಅಧಿಕಾರವುಳ್ಳವನು. ಒಂದೇ ಪಕ್ಷದ ದನಿ ಕೇಳಿಬಂದರೆ ನಿಲಯಕ್ಕೆ ಪತ್ರ ಬರೆಯಿರಿ.