ಕೈಗವಸು ಕಾಯುವುದೆ?

ಆಮ್ಲಗಳನ್ನೂ ವಿಷದ್ರವ್ಯಗಳನ್ನೂ ಮುಟ್ಟುವ ಮುನ್ನ ಕೈಗವಸು ತೊಡಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಆದರೆ ತೊಟ್ಟ ಮಾತ್ರಕ್ಕೆ ಕೈಗೆ ರಕ್ಷಣೆ ದೊರೆಯಿತೆಂದು ನಂಬಬಹುದೆ? ಪಾದರಸದ ಎರಡು ಸಂಯುಕ್ತಗಳ ವೃತ್ತಾಂತವನ್ನು ನೋಡಿದರೆ ಉತ್ತರ ತಿಳಿಯುವುದು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಕ್ರಿಮಿನಾಶಕ್ಕಾಗಿ ಮರ್ಕ್ಯುರಿಕ್ ಕ್ಲೋರೈಡಿನ ದ್ರಾವಣದಲ್ಲಿ ಕೈಗಳನ್ನು ಅದ್ದುತ್ತಿದ್ದರು. ಇದು ಪಾದರಸದ ಒಂದು ಲವಣ. 1889ರ ಸುಮಾರಿಗೆ ಕ್ಯಾರೊಲೀನ್ ಹ್ಯಾಂಪ್ಟನ್ ಎಂಬ ದಾದಿಯ ಕೈಚರ್ಮವು ಇದರಿಂದ ಕೆರಳಿತು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರು ಗುಡ್‌ಇಯರ್ ರಬ್ಬರು ಕಂಪನಿಯಿಂದ ಆಕೆಗೆ ತೆಳುವಾದ ರಬ್ಬರು ಕೈಗವಸುಗಳನ್ನು ಮಾಡಿಸಿಕೊಟ್ಟರು, ತೊಂದರೆ ನಿಂತಿತು. ರೋಗಿಗೆ ಸೋಂಕು ತಗಲದಿರಲೆಂದು ಶಸ್ತ್ರವೈದ್ಯರೆಲ್ಲರೂ ಕೈಗವಸು ತೊಡುವ ಪದ್ಧತಿ ಬೆಳೆದುದು ಆ ಬಳಿಕ.

ಎರಡನೆಯದು ದುಃಖದ ಕಥೆ. ವಿಷಲೋಹಗಳು ಜೀವಕೋಶದಲ್ಲಿ ಉಂಟುಮಾಡುವ ಪರಿಣಾಮಗಳನ್ನು ಅಭ್ಯಸಿಸುತ್ತಿದ್ದ ಕ್ಯಾರೆನ್ ವೆಟರ್‌ಹಾನ್ ಅವರು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದರು. 1996ರ ಆಗಸ್ಟ್ 14ರಂದು ಅವರು ಡೈಮೀಥೈಲ್ ಮರ್ಕ್ಯುರಿ ಎಂಬ ದ್ರವವನ್ನು ಬಳಸುತ್ತಿದ್ದಾಗ ಕೆಲವೇ ಹನಿಗಳು ಕೈಗವಸಿನ ಮೇಲೆ ಬಿದ್ದುವು. ಅದೂ ತೆಳು ರಬ್ಬರಿನದೇ. ಐದು ತಿಂಗಳ ತರುವಾಯ ಅವರ ನಡಿಗೆ ತಪ್ಪಿತು, ಮಾತು ತೊದಲಿತು, ದೃಷ್ಟಿ ಕುಂದಿತು. ಲೀಟರು ರಕ್ತದಲ್ಲಿ 4000 ಮೈಕ್ರೋಗ್ರಾಂ ಪಾದರಸವಿದ್ದುದು ಕಂಡುಬಂತು. 200 ಮೈಕ್ರೋಗ್ರಾಮನ್ನೇ ವಿಷದ ಮಟ್ಟವೆಂದು ವೈದ್ಯರು ಎಣಿಸುತ್ತಾರೆ. 1997ರ ಜೂನ್ 8ರಂದು, 48ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಕೈಗವಸಿನಲ್ಲಿ ತೂತಿರಲಿಲ್ಲ, ಅದು ಹರಿದೂ ಇರಲಿಲ್ಲ. ಹಾಗಾದರೆ ವಿಷವು ಒಳಹೊಕ್ಕ ಬಗೆ ಹೇಗೆ?

ರಬ್ಬರಿನ ತುಂಡೊಂದನ್ನು ಸೀಮೆಎಣ್ಣೆಯಲ್ಲಿ ನೆನೆಯಿಟ್ಟರೆ ಅದು ಉಬ್ಬುತ್ತದೆ. ನೀರಿನಲ್ಲಿಟ್ಟರೆ ಹಾಗೆ ಉಬ್ಬದು. ರಬ್ಬರಿನ ಅಣುಗಳು ಇಂಗಾಲ ಮತ್ತು ಜಲಜನಕಗಳಿಂದಾದ ಉದ್ದನೆಯ ಸರಪಣಿಗಳು. ಎಣ್ಣೆಯ ಸ್ವಭಾವದ ದ್ರವಗಳು ಈ ಸರಪಣಿಗಳ ನಡುವೆ ಸುಲಭವಾಗಿ ಬೆರೆಯುತ್ತವೆ, ನೀರು ಬೆರೆಯಲಾರದು. ಆದುದರಿಂದ ನೀರಿನಲ್ಲಿ ಕರಗಿದ್ದ ಲವಣವು ಹೊರಗುಳಿಯಿತು. ಡೈಮೀಥೈಲ್ ಮರ್ಕ್ಯುರಿಯಾದರೋ ರಬ್ಬರಿನಲ್ಲಿ ಕರಗಿ, ಒಂದೊಂದೇ ಅಣುವಾಗಿ ಸರಿಯುತ್ತ ಒಳಮೈಯನ್ನು ಸೇರಿತು. ಇಂಥ ಕೈಗವಸನ್ನು ದಾಟಲು ಅದಕ್ಕೆ 15 ಸೆಕೆಂಡು ಸಾಕೆಂದು ಮುಂದೆ ನಡೆದ ಪರೀಕ್ಷೆಗಳಿಂದ ತಿಳಿದುಬಂತು.

ಹೀಗೆ ಪ್ರತಿಯೊಂದು ದ್ರವ್ಯಕ್ಕೂ ಪ್ರತಿಯೊಂದು ಬಗೆಯ ಕೈಗವಸನ್ನು ದಾಟಲು ಬೇಕಾಗುವ ಕಾಲ ಬೇರೆ ಬೇರೆ. ನೈಟ್ರೈಲ್ ರಬ್ಬರು ಎಣ್ಣೆಗಳನ್ನು ಚೆನ್ನಾಗಿ ತಡೆಯುತ್ತದೆ. ಅಸಿಟೋನು ಮಾತ್ರ ಅದನ್ನು ಬೇಗನೆ ದಾಟುತ್ತದೆ. ಅಸಿಟೋನಿಗೆ ಬ್ಯುಟೈಲ್ ರಬ್ಬರು ತಕ್ಕುದು. ದಪ್ಪವೂ ಮುಖ್ಯವೇ: ಅದು ಇಮ್ಮಡಿಯಾದರೆ ದಾಟುವ ಕಾಲ ಸುಮಾರು ನಾಲ್ಕು ಮಡಿಯಾಗುವುದು. ಡೈಮೀಥೈಲ್ ಮರ್ಕ್ಯುರಿಗೆ ಹಲವು ಪದರಗಳ ಪ್ಲಾಸ್ಟಿಕ್ ಕೈಗವಸನ್ನು ತೊಟ್ಟು, ಅದರ ಮೇಲೆ ದಪ್ಪನೆಯ ಇನ್ನೊಂದನ್ನು ಧರಿಸಬೇಕೆಂದು ಆ ದುರಂತದ ಬಳಿಕ ಸೂಚಿಸಲಾಯಿತು.

ವಿದ್ಯಾರ್ಥಿಗಳು ಸೀಸೆಯ ಮುಚ್ಚಳ ತೆಗೆಯುವ ಮುನ್ನವೇ ಅದರೊಳಗಿನ ದ್ರವ್ಯಕ್ಕೆ ಯಾವ ಕೈಗವಸು, ಎಷ್ಟು ಹೊತ್ತು ತಡೆದೀತೆಂಬುದನ್ನು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಅಪಾಯಕರ ದ್ರವವು ಸಿಡಿದರೆ, ಕೈ ಉರಿಯದಿದ್ದರೂ, ಕೈಗವಸನ್ನು ಆ ಕ್ಷಣವೇ ತೆಗೆದು ಕೈ ತೊಳೆಯಬೇಕು. ವಿಷವು ಒಳಗೆ ಬಂದುದನ್ನು ಚರ್ಮವು ಯಾವಾಗಲೂ ತಿಳಿಸಲಾರದು.