ಐವತ್ತು ಜಿಬಿ ಎಲ್ಲಿ ಹೋಯ್ತ್?

ಲ್ಯಾಪ್‌ಟಾಪಿನ ಸಿ ಡ್ರೈವಿನ ಪಟ್ಟಿ ಕೆಂಪಾದರೆ ನೀವೇನು ಮಾಡುತ್ತೀರಿ? ಮೊದಲು ರೀಸೈಕಲ್ ಬಿನ್ ಖಾಲಿ ಮಾಡುತ್ತೀರಿ. ಆಮೇಲೆ ಡೌನ್‌ಲೋಡ್ಸ್‌ನಲ್ಲಿ ಬಿದ್ದಿರುವ ಹಳೇ ಹಾಲ್ ಟಿಕೆಟ್, ಎರಡು ಸಲ ಇಳಿಸಿಕೊಂಡ ಸಿನಿಮಾ ತೆಗೆಯುತ್ತೀರಿ. ಅಷ್ಟಕ್ಕೂ ಕೆಂಪು ಹೋಗದಿದ್ದರೆ ಒಂದೊಂದೇ ಫೋಲ್ಡರ್ ತೆರೆದು, ಹೆಸರು ಅರ್ಥವಾಗದ್ದೆಲ್ಲ ಕಸ ಎಂದು ಅಳಿಸುತ್ತೀರಿ. ನಾನೂ ಅದನ್ನೇ ಮಾಡಿದೆ. ಆ ಕಸದಲ್ಲಿ ಒಬ್ಬರ ಧ್ವನಿ ಇತ್ತು.

ನಮ್ಮ ಮನೆ ಬೈಂದೂರು ಹತ್ತಿರದ ಉಪ್ಪುಂದ. ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ. ಓದುತ್ತಿದ್ದೆ ಎಂದರೆ ಮನೆಯವರು ನೋಡುವಾಗ ಪುಸ್ತಕ ತೆರೆದಿರುತ್ತಿತ್ತು. ಕಾಲೇಜಿನಲ್ಲಿದ್ದಾಗ ಗೆಳೆಯರ ಕುಂದಗನ್ನಡ ಕಾಮಿಡಿ ವಿಡಿಯೊಗಳಿಗೆ ಧ್ವನಿ ಸರಿಮಾಡಿ ಕೊಡುತ್ತಿದ್ದೆ. ಅದನ್ನು ಕೇಳಿದ ಪರಿಚಯದವರೊಬ್ಬರು ಬ್ರಹ್ಮಾವರದ ನಿವೃತ್ತ ಮೇಷ್ಟ್ರ ಹತ್ತಿರ ಕಳಿಸಿದರು. ಅವರ ಮನೆಯಲ್ಲಿ 42 ಕ್ಯಾಸೆಟ್ ಇದ್ದವು. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಡಬೇಕು, ಒಂದಕ್ಕೆ 60 ರೂಪಾಯಿ. ಕೆಲಸ ಇಲ್ಲದವರಿಗೆ 2,520 ರೂಪಾಯಿ ಅಂದರೆ ಎಷ್ಟು ಎಂದು ಈ ಪುಟ ಓದುವವರಿಗೆ ಹೇಳಬೇಕಾಗಿಲ್ಲ.

ನಮ್ಮ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಇಂಥ ಕ್ಯಾಸೆಟ್ ರಾಶಿ ಇನ್ನೂ ಸಿಗುತ್ತದೆ. ಬಡಗುತಿಟ್ಟಿನ ಆಟ ಎಂದರೆ ಟೇಪ್ ರೆಕಾರ್ಡರ್ ಹಿಡಿದು ಹೋಗಿ ರಂಗಸ್ಥಳದ ಪಕ್ಕ ಕೂರುವವರಿದ್ದ ಕಾಲ ಅದು. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ತುಂಬಿರಲಿಲ್ಲ. ನಾನು ಹುಟ್ಟುವ ಎಷ್ಟೋ ಮುಂಚಿನ ಮಾತು. ಆದರೂ ಅವರ ಪದ್ಯ ನನಗೆ ಗೊತ್ತು, ಯಾಕೆಂದರೆ ಯಾರೋ ನಿದ್ದೆಗೆಟ್ಟು ಟೇಪ್ ಒತ್ತಿದ್ದರು. ಮೇಷ್ಟ್ರೂ ಅಂಥವರಲ್ಲಿ ಒಬ್ಬರು. ಕ್ಯಾಸೆಟ್ ಒಂದೊಂದರ ಮೇಲೂ ಪ್ರಸಂಗದ ಹೆಸರು, ಊರು, ತಾರೀಕು ನೀಲಿ ಶಾಯಿಯಲ್ಲಿ ಬರೆದಿಟ್ಟಿದ್ದರು.

ಒಂದು ಕ್ಯಾಸೆಟ್ಟನ್ನು ಮಾತ್ರ ಬೇರೆ ಇಟ್ಟಿದ್ದರು. ಅದರ ಎ ಬದಿಯಲ್ಲಿ ನಾವಡರ ಪದ್ಯ, ಬಿ ಬದಿಯಲ್ಲಿ ಮನೆಯ ಮದುವೆಯೊಂದರಲ್ಲಿ ಅವರ ಹೆಂಡತಿ ಹೇಳಿದ ಶೋಭಾನೆ ಹಾಡುಗಳು. ಅವರು ತೀರಿಕೊಂಡು ಹಲವು ವರ್ಷವಾಗಿತ್ತು. "ಇದನ್ನ ಒಂಚೂರ್ ಜಾಗ್ರತೆ ಮಗಾ" ಎಂದು ಕೊಟ್ಟರು. ಬೇರೇನೂ ಹೇಳಲಿಲ್ಲ.

ನನ್ನ ವ್ಯವಸ್ಥೆ ಇಷ್ಟೇ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಒಂದು ವೈರು, ಮತ್ತು ಆಡಾಸಿಟಿ. 2000ನೇ ಇಸವಿಯಿಂದ ಪುಕ್ಕಟೆ ಸಿಗುತ್ತಿರುವ ತಂತ್ರಾಂಶ ಅದು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ನನ್ನಲ್ಲಿದ್ದದ್ದು ಗೆಳೆಯ ಪೆನ್‌ಡ್ರೈವಿನಲ್ಲಿ ಕೊಟ್ಟ ಹಳೇ 2ನೇ ಆವೃತ್ತಿ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, 128 ಜಿಬಿಯ ಎಸ್‌ಎಸ್‌ಡಿ. ವಿಂಡೋಸ್ ಲೆಕ್ಕದಲ್ಲಿ ಅದು 119. ಕೆಲಸ ಶುರುಮಾಡುವಾಗ 58 ಜಿಬಿ ಖಾಲಿ ಇತ್ತು.

ಕೆಲಸದ ಕ್ರಮ ಹೇಳುತ್ತೇನೆ, ತಪ್ಪು ಅದರಲ್ಲೇ ಇದೆ. ಒಂದು ಬದಿ ರೆಕಾರ್ಡ್ ಮಾಡುವುದು. ಕ್ಯಾಸೆಟ್ಟಿನ ಸರಸರ ಶಬ್ದ ತೆಗೆಯಲು ನಾಯ್ಸ್ ರಿಡಕ್ಷನ್ ಹಾಕುವುದು. ಸ್ವರ ಏರಿಸಲು ಆಂಪ್ಲಿಫೈ. ಎಂಪಿ3 ಮಾಡಿ ಎಕ್ಸ್‌ಪೋರ್ಟ್. ನಂತರ ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್, ಅದೇ ಕಿಟಕಿಯಲ್ಲಿ ಮುಂದಿನ ಬದಿ. ರಾತ್ರಿ ಆಡಾಸಿಟಿ ಮುಚ್ಚುತ್ತಿರಲಿಲ್ಲ, ಲ್ಯಾಪ್‌ಟಾಪಿನ ಮುಚ್ಚಳ ಮಾತ್ರ ಮುಚ್ಚುತ್ತಿದ್ದೆ. ಡಿಲೀಟ್ ಮಾಡಿದ ಮೇಲೆ ಜಾಗ ವಾಪಸು ಬಂತು ಎಂದೇ ನನ್ನ ನಂಬಿಕೆ. ಮೇಷ್ಟ್ರು ಹೇಳಿದ ಕ್ಯಾಸೆಟ್ಟನ್ನೂ ಇನ್ನೊಂದನ್ನೂ ಮಾತ್ರ ನಿಧಾನವಾಗಿ ಮಾಡೋಣ ಎಂದು ಬೇರೆ ಪ್ರಾಜೆಕ್ಟ್ ಆಗಿ ಸೇವ್ ಮಾಡಿಟ್ಟಿದ್ದೆ.

ಒಂಬತ್ತು ಕ್ಯಾಸೆಟ್ ಮುಗಿಯುವಷ್ಟರಲ್ಲಿ ಪಟ್ಟಿ ಕೆಂಪಾಯಿತು. ಉಳಿದದ್ದು 6 ಜಿಬಿ. ನಾನು ಮಾಡಿದ ಎಂಪಿ3ಗಳನ್ನೆಲ್ಲ ಕೂಡಿಸಿದರೆ 780 ಎಂಬಿ ಕೂಡ ಇಲ್ಲ. ಹಾಗಾದರೆ ಉಳಿದದ್ದು ಎಲ್ಲಿ ಹೋಯ್ತ್?

ಹುಡುಕಿದೆ. ಡಾಕ್ಯುಮೆಂಟ್ಸ್‌ನಲ್ಲಿ ಕೊನೆಗೆ 'ಡೇಟಾ' ಎಂದಿರುವ ಎರಡು ದೊಡ್ಡ ಫೋಲ್ಡರ್ ಕಂಡವು. ಒಳಗೆ ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಅಕ್ಷರ ಅಂಕಿ ಬೆರೆತ ಹೆಸರಿನ ಸಾವಿರಾರು ಸಣ್ಣ ಫೈಲು. ಒಂದೊಂದೂ ಸುಮಾರು ಒಂದು ಎಂಬಿ. ಪಕ್ಕದಲ್ಲೇ ನನ್ನ ಪ್ರಾಜೆಕ್ಟ್ ಫೈಲುಗಳು ಸುರಕ್ಷಿತವಾಗಿದ್ದವು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಶಿಫ್ಟ್ ಒತ್ತಿಕೊಂಡು ಡಿಲೀಟ್.

4 ಜಿಬಿ ಚಿಲ್ಲರೆ ಬಂತು. ಸಂಜೆ ಪ್ರಾಜೆಕ್ಟ್ ತೆರೆದರೆ ಫೈಲುಗಳು ಕಾಣುತ್ತಿಲ್ಲ ಎಂಬ ಎಚ್ಚರಿಕೆ, ಅದರ ಹಿಂದೆ ನೇರವಾದ ಒಂದು ಗೆರೆ. 45 ನಿಮಿಷವೂ ಮೌನ.

ಆ ಹಳೇ ಆವೃತ್ತಿಯಲ್ಲಿ ಪ್ರಾಜೆಕ್ಟ್ ಫೈಲು ಎಂಬುದು ಬರೀ ಪಟ್ಟಿ. ಯಾವ ತುಂಡಿನ ನಂತರ ಯಾವ ತುಂಡು ಎಂದು ಬರೆದಿಟ್ಟ ಚೀಟಿ ಅಷ್ಟೇ. ಧ್ವನಿ ಇರುವುದು ಡೇಟಾ ಫೋಲ್ಡರಿನಲ್ಲಿ. ಒಂದು ಎಂಬಿಯ ಒಂದು ಫೈಲು ಎಂದರೆ ಒಂದು ಚಾನೆಲ್ಲಿನ ಸುಮಾರು ಆರು ಸೆಕೆಂಡು. (ಮೊದಮೊದಲು ಇದೇ ಚೀಟಿಯನ್ನು ಹಾಡು ಎಂದು ಒಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, "ಇದ್ ಎಂತದ್ ಮಾರಾಯ್ರೆ?" ಎಂದು ಕೇಳಿಸಿಕೊಂಡಿದ್ದೆ. ಆಗಲೇ ಬುದ್ಧಿ ಬರಬೇಕಿತ್ತು.)

ಅಳಿಸಿದ್ದನ್ನು ವಾಪಸು ತರುವ ತಂತ್ರಾಂಶ ಹಾಕಿ ನೋಡಿದೆ. ಕೆಲವು ಫೈಲುಗಳು ಬಂದವು, ಹೆಸರು ಸಮೇತ. ಒಳಗೆ ಬರೀ ಸೊನ್ನೆ. ಹಳೇ ಮಾದರಿಯ ಹಾರ್ಡ್‌ಡಿಸ್ಕ್ ಆಗಿದ್ದರೆ ಅದರ ಮೇಲೆ ಬೇರೇನೋ ಬರೆಯುವವರೆಗೆ ಅಳಿಸಿದ್ದು ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕೂಡಲೇ ಆ ಜಾಗ ಇನ್ನು ಬೇಡ ಎಂದು ವಿಂಡೋಸ್ ಡಿಸ್ಕಿಗೆ ತಿಳಿಸುತ್ತದೆ. ಅದಕ್ಕೆ ಟ್ರಿಮ್ ಎನ್ನುತ್ತಾರೆ. ಡಿಸ್ಕ್ ವೇಗವಾಗಿರಲಿ ಎಂದು ಇರುವ ವ್ಯವಸ್ಥೆಯೇ ನನಗೆ ಮುಳುವಾಯಿತು.

ಕ್ಯಾಸೆಟ್ ಇನ್ನೂ ನನ್ನ ಹತ್ತಿರವೇ ಇತ್ತಲ್ಲ, ಇನ್ನೊಮ್ಮೆ ಹಾಕಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಆದರೆ ನಮ್ಮ ಮಳೆಗಾಲದ ಗಾಳಿಗೆ ಆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಮೊದಲ ಸಲ ಹೇಗೋ ಓಡಿತ್ತು. ಎರಡನೇ ಸಲ ಬಿ ಬದಿಯ ನಡುವೆ ಸ್ವರ ಎಳೆದುಕೊಂಡು ದಪ್ಪವಾಯಿತು, ಆಮೇಲೆ ನಿಂತಿತು. ಮುಚ್ಚಳ ತೆಗೆದರೆ ಟೇಪು ರಬ್ಬರ್ ಚಕ್ರಕ್ಕೆ ಸುತ್ತಿಕೊಂಡು ಮುದ್ದೆಯಾಗಿತ್ತು.

ಕುಂದಾಪುರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಮನೆಗೆ ಒಯ್ದೆ. ಅವರು ಕನ್ನಡಕ ಮೇಲೆತ್ತಿ ನೋಡಿ, ಹಾಳಾದ ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿ, ಬೂಷ್ಟು ಒರೆಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಕತ್ತರಿಸಿದ ತುಂಡನ್ನು ಮನೆಯಲ್ಲಿ ಅಳೆದೆ, ಸುಮಾರು ಆರು ಮೀಟರ್. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಲೆಕ್ಕ ಹಾಕಿದರೆ ಎರಡು ನಿಮಿಷ ಆರು ಸೆಕೆಂಡು. ಎ ಬದಿಯಲ್ಲಿ ನಾವಡರ ಪದ್ಯದ ಎರಡು ನಿಮಿಷ ಹೋಯಿತು, ಅದು ಇನ್ನೊಬ್ಬರ ಮನೆಯ ಕ್ಯಾಸೆಟ್ಟಿನಲ್ಲಿ ಸಿಕ್ಕೀತು. ಬಿ ಬದಿಯದು ಇನ್ನೆಲ್ಲಿ ಸಿಗಬೇಕು?

ಆಗ ನೆನಪಾಯಿತು. ಶಬ್ದ ತೆಗೆದದ್ದು ಸರಿಯಾಗಿದೆಯೇ ನೋಡಿ ಎಂದು ಮೇಷ್ಟ್ರಿಗೆ ಬಿ ಬದಿಯ ಒಂದು ಹಾಡಿನ ಮೂರು ನಿಮಿಷ ಕಳಿಸಿದ್ದೆ. ನನ್ನ ಫೋನಿನಲ್ಲಿ ಜಾಗ ಇಲ್ಲವೆಂದು ಅದನ್ನೂ ಅಳಿಸಿದ್ದೆ, ಜಾಗ ಉಳಿಸುವುದರಲ್ಲಿ ನಾನು ಅಷ್ಟು ಚುರುಕು. ಅವರ ಫೋನಿನಲ್ಲಿ ಇದ್ದೀತು. ಆದರೆ ಕೇಳಬೇಕಾದರೆ ನಡೆದದ್ದನ್ನು ಹೇಳಬೇಕು. ಎರಡು ದಿನ ಫೋನ್ ಎತ್ತಿದೆ, ಇಟ್ಟೆ. ಮೂರನೇ ದಿನ ಬಸ್ ಹತ್ತಿದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಾನು ಮಾತ್ರ ಮುಂದಿನ ಸೀಟಿನ ಕಂಬಿ ನೋಡುತ್ತ ಏನು ಹೇಳುವುದೆಂದು ಜೋಡಿಸುತ್ತಿದ್ದೆ.

ಅದಕ್ಕೂ ಮೊದಲು ಆ 50 ಜಿಬಿ ಎಲ್ಲಿತ್ತು ಎಂದು ಹೇಳಿಬಿಡುತ್ತೇನೆ. ನಿಮಗೂ ಆಗಬಹುದು.

ಆಡಾಸಿಟಿ ಮಾಮೂಲಿಯಾಗಿ ಧ್ವನಿಯನ್ನು 32 ಬಿಟ್ ಫ್ಲೋಟ್‌ನಲ್ಲಿ ಹಿಡಿಯುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್, ಒಂದೊಂದಕ್ಕೆ 4 ಬೈಟ್, ಎರಡು ಚಾನೆಲ್. ನಿಮಿಷಕ್ಕೆ 21 ಎಂಬಿ, 45 ನಿಮಿಷದ ಒಂದು ಬದಿಗೆ 950 ಎಂಬಿ. ನಾಯ್ಸ್ ರಿಡಕ್ಷನ್ ಹಾಕಿದರೆ ಹಳೆಯದನ್ನು ತಿದ್ದುವುದಿಲ್ಲ, ಹೊಸದಾಗಿ 950 ಎಂಬಿ ಬರೆಯುತ್ತದೆ. ಆಂಪ್ಲಿಫೈಗೆ ಇನ್ನೊಂದು 950. ಹಳೆಯದೆಲ್ಲ ಹಾಗೇ ಇರುತ್ತದೆ, ಏಕೆಂದರೆ ನೀವು ಯಾವಾಗ ಕಂಟ್ರೋಲ್ ಝಡ್ ಒತ್ತುತ್ತೀರೋ ಅದಕ್ಕೆ ಗೊತ್ತಿಲ್ಲ. ಡಿಲೀಟ್ ಮಾಡಿದರೂ ಅಷ್ಟೇ, ಪರದೆಯಿಂದ ಹೋಗುತ್ತದೆ, ಡಿಸ್ಕಿನಿಂದ ಹೋಗುವುದಿಲ್ಲ. ಒಂದು ಕ್ಯಾಸೆಟ್ಟಿಗೆ 5.7 ಜಿಬಿ, ಒಂಬತ್ತಕ್ಕೆ 51. ಪೂರ್ತಿ ಲೆಕ್ಕ ಸಿಕ್ಕಿತಲ್ಲ?

ಇದೆಲ್ಲ ಕೂತಿದ್ದದ್ದು ವಿಂಡೋಸ್ ಮರೆಮಾಡಿಡುವ ಆ್ಯಪ್‌ಡೇಟಾ ಫೋಲ್ಡರಿನೊಳಗೆ, ಆಡಾಸಿಟಿಯ ಸೆಷನ್‌ಡೇಟಾದಲ್ಲಿ. ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕಣ್ಣಿಗೆ ಬಿದ್ದ ಪಾಪದ ಫೋಲ್ಡರಿಗೆ ಶಿಕ್ಷೆಯಾಯಿತು. ಅಳಿಸಲು ಫೋಲ್ಡರಿಗೆ ಹೋಗಬೇಕಾಗಿಯೇ ಇರಲಿಲ್ಲ. ವ್ಯೂ ಮೆನುವಿನಲ್ಲಿ ಹಿಸ್ಟರಿ ಎಂದಿದೆ. ಮಾಡಿದ ಪ್ರತಿ ಕೆಲಸ, ಅದು ಹಿಡಿದಿರುವ ಜಾಗ ಸಾಲಾಗಿ ಕಾಣುತ್ತದೆ. ಎಷ್ಟು ಹಂತ ಬಿಡಬೇಕೆಂದು ಹೇಳಿ ಡಿಸ್ಕಾರ್ಡ್ ಒತ್ತಿದರೆ ಜಾಗ ಬಿಡುಗಡೆ. ಕಟ್ ಅಥವಾ ಕಾಪಿ ಮಾಡಿದ್ದು ಕ್ಲಿಪ್‌ಬೋರ್ಡಿನಲ್ಲಿ ಹಿಡಿದಿರುವ ಜಾಗವೂ ಅಲ್ಲೇ ಇದೆ, ಅದಕ್ಕೆ ಬೇರೆ ಡಿಸ್ಕಾರ್ಡ್. ಬಿಟ್ಟ ಹಂತಗಳಿಗೆ ಮತ್ತೆ ಹಿಂದೆ ಹೋಗಲಾಗದು ಎಂಬುದು ನೆನಪಿರಲಿ. ಇಲ್ಲವೇ ಎಕ್ಸ್‌ಪೋರ್ಟ್ ಆದ ಮೇಲೆ ಆಡಾಸಿಟಿಯನ್ನು ಸರಿಯಾಗಿ ಮುಚ್ಚಿದರೂ ಸಾಕಿತ್ತು.

2021ರ ಮಾರ್ಚಿನಲ್ಲಿ ಬಂದ 3ನೇ ಆವೃತ್ತಿಯಲ್ಲಿ ಚೀಟಿ ಬೇರೆ, ತುಂಡು ಬೇರೆ ಎಂಬುದು ಹೋಗಿ ಇಡೀ ಪ್ರಾಜೆಕ್ಟ್ ಒಂದೇ ಫೈಲಾಗಿದೆ. ನನ್ನಂಥವರಿಗಾಗಿಯೇ ಇರಬೇಕು. ಆದರೆ ಕೆಲಸ ನಡೆಯುವಾಗ ಅದೂ ಹಾಗೇ ಊದಿಕೊಳ್ಳುತ್ತದೆ, ಮುಚ್ಚಿದಾಗ ಇಳಿಯುತ್ತದೆ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವಿನಲ್ಲಿ 4 ಜಿಬಿ ದಾಟಿದ ಫೈಲು ಕೂರುವುದಿಲ್ಲ. 3.1ರಿಂದ ಈಚೆಗೆ ತುಣುಕಿನ ಅಂಚನ್ನು ಎಳೆದು ಚಿಕ್ಕದು ಮಾಡಿದರೆ ಆ ಭಾಗ ಅಡಗುತ್ತದೆಯೇ ಹೊರತು ಹೋಗುವುದಿಲ್ಲ.

ಇನ್ನೊಂದು ವಿಷಯ ತಿಳಿದಾಗ ತಲೆ ಚಚ್ಚಿಕೊಂಡೆ. ನನ್ನ ಲ್ಯಾಪ್‌ಟಾಪಿನ ಮೈಕ್ ತೂತು ಮೊನೊ. ಎಡಕ್ಕೂ ಬಲಕ್ಕೂ ಬರುತ್ತಿದ್ದದ್ದು ಒಂದೇ ಧ್ವನಿ. ಸ್ಟೀರಿಯೊ ಎಂದು ಇಷ್ಟು ದಿನ ಒಂದನ್ನೇ ಎರಡು ಸಲ ಬರೆಸಿದ್ದೆ. ಮೊದಲ ದಿನವೇ ಮೊನೊ ಒತ್ತಿದ್ದರೆ 51 ಜಿಬಿ ಇದ್ದದ್ದು ಅರ್ಧಕ್ಕಿಳಿಯುತ್ತಿತ್ತು, ಪಟ್ಟಿ ಅಷ್ಟು ಬೇಗ ಕೆಂಪಾಗುತ್ತಿರಲಿಲ್ಲ.

ಬ್ರಹ್ಮಾವರದಲ್ಲಿ ಮೇಷ್ಟ್ರು ಜಗಲಿಯಲ್ಲೇ ಕೂತಿದ್ದರು. ಜೋಡಿಸಿಕೊಂಡು ಹೋದ ಮಾತು ಒಂದೂ ಬರಲಿಲ್ಲ. "ಅಮ್ಮನ ಹಾಡು ನನ್ನ ಕೈಯಿಂದ ಹೋಯ್ತು ಮೇಷ್ಟ್ರೇ" ಎಂದೆ. ಅವರು ಸ್ವಲ್ಪ ಹೊತ್ತು ಅಂಗಳ ನೋಡಿದರು. "ಎಲ್ಲಾ ಹೋಯ್ತಾ?" ಎಂದರು. ಎರಡು ನಿಮಿಷ ಎಂದೆ. ಟೇಪು ಹರಿದದ್ದು, ಜೋಡಿಸಿದ್ದು, ಅವರ ಫೋನಿನಲ್ಲಿರುವ ಮೂರು ನಿಮಿಷ, ಎಲ್ಲ ಹೇಳಿದೆ. ಅವರು ಒಳಗೆ ಹೋಗಿ ಫೋನ್ ತಂದು ಕೈಯಲ್ಲಿಟ್ಟರು.

ಆ ತುಣುಕು ಅಳಿಸಿರಲಿಲ್ಲ. ಅಳಿಸುವುದಿರಲಿ, ಅವರು ಅದನ್ನು ಮಗಳಿಗೆ, ತಮ್ಮನಿಗೆ, ಮುಂಬೈಯಲ್ಲಿರುವ ನಾದಿನಿಗೆ ಎಲ್ಲರಿಗೂ ಕಳಿಸಿದ್ದರು. ಮನೆಗೆ ಬಂದು ಟೇಪಿನ ಪಕ್ಕ ಇಟ್ಟು ಹೊಂದಿಸಿದೆ. ಹೋದ ಭಾಗದ ಬಹುಪಾಲು ಆ ಮೂರು ನಿಮಿಷದೊಳಗೇ ಇತ್ತು. ಕೊನೆಗೆ ಸಿಗದೇ ಉಳಿದದ್ದು 40 ಸೆಕೆಂಡು. ಅಲ್ಲಿ ಬೇರೆ ಏನನ್ನೂ ತುಂಬಲಿಲ್ಲ, ಸ್ವರ ಮೆಲ್ಲಗೆ ಇಳಿದು ಮೆಲ್ಲಗೆ ಏರುವ ಹಾಗೆ ಮಾಡಿದೆ.

ಪೆನ್‌ಡ್ರೈವ್ ಕೊಡಲು ಹೋದ ದಿನ ಮೇಷ್ಟ್ರು ಬಿ ಬದಿಯನ್ನು ಪೂರ್ತಿ ಕೇಳಿದರು. ಆ ಜಾಗ ಬಂದಾಗ ನಾನು ಉಸಿರು ಹಿಡಿದೆ. ಸ್ವರ ಇಳಿಯುತ್ತಿದ್ದಂತೆ ಅವರು ಬಾಯಲ್ಲೇ ಮುಂದಿನ ಸಾಲು ಗುನುಗಿದರು, ಸ್ವರ ಮತ್ತೆ ಬಂದಾಗ ಸುಮ್ಮನಾದರು. ಮುಗಿದ ಮೇಲೆ, "ಇಷ್ಟಾರೂ ಉಳೀತಲ್ದಾ" ಎಂದು 2,520 ರೂಪಾಯಿ ಎಣಿಸಿದರು. ಆ ಒಂದು ಕ್ಯಾಸೆಟ್ಟಿನ 60 ಬೇಡ ಎಂದೆ. ಕೇಳಲಿಲ್ಲ.

ಹೊರಡುವಾಗ ಅವರ ತಮ್ಮನ ಮನೆಯ ಚೀಲವೊಂದನ್ನು ಕೊಟ್ಟರು. 19 ಕ್ಯಾಸೆಟ್. ನಿನ್ನೆ ಮೊದಲನೆಯದನ್ನು ಹಾಕಿದೆ, ಮೊನೊ. ಒಂದು ಬದಿ ಮುಗಿದ ಕೂಡಲೇ ತಂಗಿಯ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿ, ಆಡಾಸಿಟಿ ಮುಚ್ಚಿ, ಇನ್ನೊಂದು ಬದಿಗೆ ತಿರುಗಿಸಿದೆ.