ಮೂರನೇ ಟ್ಯೂಬು

ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಕಾಕಾ ಆಗಿರುವ ಹಿರಿಯರೊಬ್ಬರಿದ್ದಾರೆ. ಫೌಜಿನಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದವರು. ಗಡಿ, ಗುಂಡು, ಕಾಳಗದ ಸುದ್ದಿ ಕೇಳಲು ಹೋದವರಿಗೆ ಅವರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅವರ ನೌಕರಿಯೆಲ್ಲ ಕಳೆದದ್ದು ಗಾಜಿನ ಟ್ಯೂಬು, ಫ್ರಿಜ್ಜು, ರಕ್ತದ ಚೀಲಗಳ ನಡುವೆ. ಹೆಸರು ಹಾಕಬಾರದೆಂದು ಮೊದಲೇ ಮಾತು ತೆಗೆದುಕೊಂಡು, ಅವರು ನನ್ನನ್ನು ಅಡುಗೆಮನೆಗೆ ಕರೆದರು. ಎರಡು ಗಾಜಿನ ಲೋಟಗಳಲ್ಲಿ ಒಂದೊಂದು ಚಮಚ ಬಿಸಿ ಹಾಲು ಹಾಕಿದರು. ಒಂದಕ್ಕೆ ನಿಂಬೆರಸದ ನಾಲ್ಕು ಹನಿ ಹಿಂಡಿದರು. ಎರಡನ್ನೂ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಹೂವಿನ ಪಕಳೆ ಅಲುಗಿಸಿದಷ್ಟು ಮೆಲ್ಲಗೆ ಅಲುಗಿಸಿದರು. ಒಂದರಲ್ಲಿ ಹಾಲು ನುಣ್ಣಗೆ ಹರಿಯಿತು. ಇನ್ನೊಂದರಲ್ಲಿ ಹರಳು ಹರಳಾಗಿ ಒಡೆದು ಗಾಜಿಗೆ ಅಂಟಿತು.

"ನೋಡೋ ತಮ್ಮಾ, ಇದು ಹರೀತದ, ಇದು ಒಡದದ. ನಾವು ದಿನಾ ನೋಡೂದು ಇಷ್ಟ. ಈ ಕಣ್ಣು, ಈ ಕೈ ತಯಾರಾಗ್ಲಿಕ್ಕೆ ಭಾಳ ದಿನಾ ಬೇಕು."

ಸೇನೆಯಲ್ಲಿ ಈ ಕೆಲಸದವರನ್ನು ಬ್ಲಡ್ ಟ್ರಾನ್ಸ್‌ಫ್ಯೂಷನ್ ಅಸಿಸ್ಟೆಂಟ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಬಿಟಿಎ. ಆರ್ಮಿ ಮೆಡಿಕಲ್ ಕೋರ್‌ನ ಹಲವು ಟ್ರೇಡುಗಳಲ್ಲಿ ಇದೂ ಒಂದು. 1943ರ ಏಪ್ರಿಲ್ 3ರಂದು ಹುಟ್ಟಿದ ಆ ದಳದಲ್ಲಿ ವೈದ್ಯರ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ. ನರ್ಸಿಂಗ್ ಅಸಿಸ್ಟೆಂಟ್, ಲ್ಯಾಬ್ ಅಸಿಸ್ಟೆಂಟ್, ಬಿಟಿಎಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಈ ಟ್ರೇಡಿನವರೂ ಮೊದಲು ಸಿಪಾಯಿಗಳೇ: ಲಖನೌದ ಕೇಂದ್ರದಲ್ಲಿ ಕವಾಯತು, ಓಟ, ಶಿಸ್ತು. ರಕ್ತದ ಪಾಠ ಆಮೇಲೆ. ದಿಲ್ಲಿ ಕಂಟೋನ್ಮೆಂಟಿನಲ್ಲಿ ಸೇನೆಗಾಗಿಯೇ ಒಂದು ಟ್ರಾನ್ಸ್‌ಫ್ಯೂಷನ್ ಸೆಂಟರ್ ಇದೆ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಈ ಶಾಸ್ತ್ರಕ್ಕೇ ಮೀಸಲಾದ ವಿಭಾಗವಿದೆ.

ಹುಬ್ಬಳ್ಳಿಯ ಕೆಎಂಸಿಆರ್‌ಐ ಆಸ್ಪತ್ರೆಯಲ್ಲಾಗಲಿ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಾಗಲಿ ರಕ್ತ ಪರೀಕ್ಷಿಸುವವರದೂ ಇದೇ ಶಾಸ್ತ್ರ. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಈಗ ಜೆಲ್ ಕಾರ್ಡುಗಳು, ತಾವೇ ಓದಿ ಫಲಿತಾಂಶ ಹೇಳುವ ಯಂತ್ರಗಳು ಬಂದಿವೆ. ಆದರೆ ಫೌಜಿನವನು ನಾಳೆ ಎಲ್ಲಿರುತ್ತಾನೆಂದು ಹೇಳಲಾಗದು. ಕರೆಂಟು ನಿಂತರೂ, ಯಂತ್ರ ಕೆಟ್ಟರೂ ಟ್ಯೂಬು, ಸಲೈನು, ಒಂದು ಸಣ್ಣ ಸೆಂಟ್ರಿಫ್ಯೂಜ್ ಹಿಡಿದುಕೊಂಡು ಅವನ ಕೆಲಸ ನಡೆಯಬೇಕು. ಅದಕ್ಕೇ ಈ ತರಬೇತಿ ಮುಖ್ಯವಾಗಿ ಕೈಯ ತರಬೇತಿ.

ಮೊದಲ ಪಾಠ ರಕ್ತದ ಗುಂಪು. ಕೆಂಪು ಕಣಗಳನ್ನು ಸಲೈನಿನಲ್ಲಿ ತೊಳೆದು ತೆಳುವಾದ ಮಿಶ್ರಣ ಮಾಡಿಕೊಳ್ಳುತ್ತಾರೆ. ಒಂದು ಟ್ಯೂಬಿಗೆ ಆ್ಯಂಟಿ-ಎ, ಇನ್ನೊಂದಕ್ಕೆ ಆ್ಯಂಟಿ-ಬಿ ಹನಿ ಹಾಕಿ, ಕಣಗಳನ್ನು ಸೇರಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ತಳದಲ್ಲಿ ಕೆಂಪು ಗುಂಡಿಯಂತೆ ಕಣಗಳು ಕೂರುತ್ತವೆ. ಕೌಶಲ ಇರುವುದು ಆ ಗುಂಡಿಯನ್ನು ಎಬ್ಬಿಸುವುದರಲ್ಲಿ. ಗುಂಪು ಹೊಂದಿದರೆ ಅದು ಗಟ್ಟಿ ಹೆಪ್ಪಾಗಿಯೋ ಚೂರುಗಳಾಗಿಯೋ ಏಳುತ್ತದೆ. ಇಲ್ಲದಿದ್ದರೆ ಹೊಗೆಯಂತೆ ನುಣ್ಣಗೆ ಹರಡುತ್ತದೆ. ಹೊಸ ಹುಡುಗರು ಟ್ಯೂಬನ್ನು ಜೋರಾಗಿ ಕೊಡವುತ್ತಾರೆ. ಆಗ ಬಲಹೀನವಾದ ಹೆಪ್ಪು ಒಡೆದುಹೋಗಿ, ಇದ್ದದ್ದು ಇಲ್ಲವೆಂದು ಕಾಣುತ್ತದೆ. ಕಾಕಾ ಹಾಲಿನ ಲೋಟ ಅಷ್ಟು ಮೆಲ್ಲಗೆ ಅಲುಗಿಸಿದ್ದು ಆ ಹಳೆಯ ರೂಢಿಯಿಂದ.

ಇದು ಅರ್ಧ ಪರೀಕ್ಷೆ ಮಾತ್ರ. ಇನ್ನರ್ಧಕ್ಕೆ ರಿವರ್ಸ್ ಎನ್ನುತ್ತಾರೆ. ಈ ಸಲ ವ್ಯಕ್ತಿಯ ಸೀರಂ ತೆಗೆದುಕೊಂಡು ಮೂರು ಟ್ಯೂಬುಗಳಿಗೆ ಹಾಕುತ್ತಾರೆ: ಒಂದರಲ್ಲಿ ಗೊತ್ತಿರುವ ಎ ಕಣ, ಎರಡನೆಯದರಲ್ಲಿ ಬಿ ಕಣ, ಮೂರನೆಯದರಲ್ಲಿ ಓ ಕಣ. ಆ ಮೂರನೇ ಟ್ಯೂಬು ಸಾಮಾನ್ಯವಾಗಿ ನಿಂಬೆ ಹಿಂಡಿದ ಹಾಲಿನಂತೆ ಒಡೆಯುವುದಿಲ್ಲ, ಅಂದರೆ ಅದರಲ್ಲಿ ಹೆಪ್ಪಾಗುವುದಿಲ್ಲ. ಎಲ್ಲರಿಗೂ ಆಗಿಬರುವ ಗುಂಪೆಂದು ಹೆಸರಾದ ಓ ಕಣದ ವಿರುದ್ಧ ಯಾರ ರಕ್ತದಲ್ಲಿ ಏನಿರಲು ಸಾಧ್ಯ? ವರ್ಷಗಟ್ಟಲೆ ಬರಿದಾಗಿಯೇ ಕಾಣುವ ಟ್ಯೂಬನ್ನು ದಣಿದ ಮನುಷ್ಯ ಬಿಟ್ಟುಬಿಡುವುದು ಸಹಜ.

"ಬಿಡೂಹಂಗಿಲ್ಲ," ಎಂದರು ಕಾಕಾ. "ನಮ್ಮ ಉಸ್ತಾದ್ ಕಲಿಸಿದ್ದು ಅದೊಂದು ಮಾತು. ಮೂರನೇ ಟ್ಯೂಬು ಬಿಟ್ಟವ ನಮ್ಮಾವ ಅಲ್ಲ ಅಂತಿದ್ರು."

ಕಾರಣಕ್ಕೆ ನಮ್ಮ ನೆಲದ ನಂಟಿದೆ. 1952ರಲ್ಲಿ ಮುಂಬೈಯ ವೈ.ಎಂ. ಭೇಂಡೆ ಮತ್ತು ಸಂಗಡಿಗರು ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಹೊಸ ರಕ್ತಗುಂಪನ್ನು ವರದಿ ಮಾಡಿದರು. ಅದೇ ಬಾಂಬೆ ಬ್ಲಡ್ ಗ್ರೂಪ್. ಆಗ ಧಾರವಾಡವೂ ಮುಂಬೈ ರಾಜ್ಯದ್ದೇ ಜಿಲ್ಲೆ. ನಾವು ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ರಂದು. ಎ, ಬಿ ಎರಡೂ ಇಲ್ಲದ ಓ ಗುಂಪಿನವರ ಕಣಗಳ ಮೇಲೂ ಎಚ್ ಎಂಬ ಬುನಾದಿ ಪದಾರ್ಥ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಆ ಬುನಾದಿಯೇ ಇಲ್ಲ, ಬದಲಿಗೆ ಅದರ ವಿರುದ್ಧ ತೀಕ್ಷ್ಣವಾದ ಪ್ರತಿಕಾಯವಿದೆ. ಹಾಗಾಗಿ ಮೊದಲರ್ಧ ಪರೀಕ್ಷೆಯಲ್ಲಿ ಅವರು ಥೇಟ್ ಓ ಗುಂಪಿನವರಂತೆಯೇ ಕಾಣುತ್ತಾರೆ. ಆದರೆ ಓ ರಕ್ತ ಕೊಟ್ಟರೆ ಜೀವಕ್ಕೆ ಎರವಾಗುತ್ತದೆ. ಅವರಿಗೆ ಹೊಂದುವುದು ಇನ್ನೊಬ್ಬ ಬಾಂಬೆ ಗುಂಪಿನವರ ರಕ್ತ ಮಾತ್ರ. ಭಾರತದಲ್ಲಿ ಅಂದಾಜು 10,000 ಜನರಲ್ಲಿ ಒಬ್ಬರು ಹೀಗಿರುತ್ತಾರೆ. ಅವರ ರಕ್ತ ಬಂದಾಗ ಮೂರನೇ ಟ್ಯೂಬು ಒಡೆಯುತ್ತದೆ.

ಯುದ್ಧಭೂಮಿಯಲ್ಲಿ ಗುಂಪು ನೋಡಲು ಪುರುಸೊತ್ತಿಲ್ಲದಾಗ ಕೊಡುವುದು ಓ ರಕ್ತವನ್ನೇ. ಈ ರೂಢಿಗೆ ನೂರು ವರ್ಷ ದಾಟಿದೆ. 1917ರ ನವೆಂಬರ್‌ನಲ್ಲಿ ಫ್ರಾನ್ಸಿನ ಕಾಂಬ್ರೇ ಕಾಳಗದಲ್ಲಿ ಆಸ್ವಲ್ಡ್ ರಾಬರ್ಟ್‌ಸನ್ ಎಂಬ ವೈದ್ಯ, ಮುಂಚಿತವಾಗಿ ತೆಗೆದ ಓ ಗುಂಪಿನ ರಕ್ತವನ್ನು ಬಾಟಲಿಗಳಲ್ಲಿ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಗಾಯಾಳುಗಳ ಬಳಿಗೆ ಒಯ್ದ. ರಕ್ತನಿಧಿ ಎಂಬ ಕಲ್ಪನೆಯ ಬೇರು ಅಲ್ಲಿದೆ. 1936ರಲ್ಲಿ ನಾರ್ಮನ್ ಬೆಥೂನ್ ಸ್ಪೇನಿನ ಅಂತರ್ಯುದ್ಧದಲ್ಲಿ ಮ್ಯಾಡ್ರಿಡ್‌ನಿಂದ ರಂಗಕ್ಕೆ ವಾಹನದಲ್ಲಿ ರಕ್ತ ಸಾಗಿಸಿದ. ಇಂದಿನ ಎಲ್ಲ ಊರುಗಳ ರಕ್ತನಿಧಿಗಳು ಯುದ್ಧಕ್ಕೆ ಋಣಿಯಾಗಿವೆ ಎಂಬುದು ನೆನೆದರೆ ಸಂಕಟವಾಗುವಂಥ ಸತ್ಯ, ಆದರೂ ಸತ್ಯ.

ಗುಂಪಿನ ನಂತರ ಹೊಂದಾಣಿಕೆ, ಅಂದರೆ ಕ್ರಾಸ್‌ಮ್ಯಾಚ್. ಇಲ್ಲಿ ಬಳಸುವ ಕೂಂಬ್ಸ್ ಪರೀಕ್ಷೆ 1945ರದು. ಕೆಲವು ಪ್ರತಿಕಾಯಗಳು ಕಣಗಳ ಮೇಲೆ ಸದ್ದಿಲ್ಲದೆ ಕೂತಿರುತ್ತವೆ, ಹೆಪ್ಪು ಮಾಡುವುದಿಲ್ಲ. ಅವನ್ನು ಬಯಲಿಗೆಳೆಯಲು ಕೂಂಬ್ಸ್ ಸೀರಂ ಬೇಕು. ಅದಕ್ಕೆ ಮೊದಲು ಕಣಗಳನ್ನು ಮೂರು ಸಲ ಚೊಕ್ಕಟವಾಗಿ ತೊಳೆಯಬೇಕು. ಹಳೆಯ ಸೀರಂ ಚೂರು ಉಳಿದರೂ ಅದು ಕೂಂಬ್ಸ್ ಸೀರಂ ಅನ್ನು ನುಂಗಿಬಿಡುತ್ತದೆ, ಅಪಾಯವಿರುವ ರಕ್ತ ಸುರಕ್ಷಿತವೆಂದು ತೋರುತ್ತದೆ. ಹಾಗಾಗಿ ಏನೂ ಕಾಣದ ಟ್ಯೂಬಿಗೆ ಕೊನೆಯಲ್ಲಿ ಚೆಕ್ ಸೆಲ್ ಎಂಬ ಕಣಗಳನ್ನು ಹಾಕುತ್ತಾರೆ. ಅವು ಹೆಪ್ಪಾಗಲೇಬೇಕು. ಆಗಲಿಲ್ಲವೆಂದರೆ ತೊಳೆಯುವಲ್ಲಿ ಕೈ ತಪ್ಪಿದೆ ಎಂದರ್ಥ. ಇಡೀ ಪರೀಕ್ಷೆ ಮತ್ತೆ ಮೊದಲಿನಿಂದ. ತನ್ನ ಕೈಯನ್ನೇ ತಾನು ಪರೀಕ್ಷಿಸಿಕೊಳ್ಳುವ ಈ ಕಟ್ಟುಪಾಡು ನನಗೆ ಬಹಳ ಹಿಡಿಸಿತು.

ಇಷ್ಟೆಲ್ಲ ಮಾಡಿಯೂ ತಪ್ಪುವ ಜಾಗ ಬೇರೆಯೇ. ಗುಂಪು ಅದಲುಬದಲಾಗಿ ರೋಗಿ ಸತ್ತ ಪ್ರಕರಣಗಳನ್ನು ಕೆದಕಿದರೆ, ಬಹಳಷ್ಟು ಸಲ ಸಿಗುವುದು ಚೀಟಿಯ ತಪ್ಪು: ಒಬ್ಬರ ಮಾದರಿಗೆ ಇನ್ನೊಬ್ಬರ ಹೆಸರು, ಒಂದು ಹಾಸಿಗೆಯ ಚೀಲ ಪಕ್ಕದ ಹಾಸಿಗೆಗೆ. ಫೌಜಿನಲ್ಲಿ ಇದು ಇನ್ನೂ ಬಿಕ್ಕಟ್ಟಿನದು. ಒಂದು ಸಿಖ್ ಪಲ್ಟನ್ನಿನಲ್ಲಿ ಎಲ್ಲರೂ ಸಿಂಗ್. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಪಾಟೀಲರೆಷ್ಟು, ಜಾಧವರೆಷ್ಟು! ಹೆಸರು ಕೂಗಿದರೆ ನಾಲ್ವರು ಹೂಂಗುಡುತ್ತಾರೆ. ಆದ್ದರಿಂದ ಸೈನಿಕ ಸಂಖ್ಯೆ, ಹೆಸರು ಎರಡೂ ತಾಳೆಯಾಗಬೇಕು. "ನೀನು ಪಾಟೀಲ ಏನು?" ಎಂದು ಕೇಳಬಾರದು, "ನಿನ್ನ ಹೆಸರೇನು?" ಎಂದು ಕೇಳಬೇಕು. ಅರೆಪ್ರಜ್ಞೆಯಲ್ಲಿರುವವನು ಮೊದಲ ಪ್ರಶ್ನೆಗೆ ಯಾವುದಕ್ಕೂ ಹೌದೆನ್ನುತ್ತಾನೆ. ಚೀಟಿಯನ್ನು ಬರೆಯಬೇಕಾದದ್ದು ರೋಗಿಯ ಮಗ್ಗುಲಲ್ಲೇ ನಿಂತು, ಮೇಜಿಗೆ ಹೋಗಿ ಅಲ್ಲ.

ದಾನಿಗಳನ್ನು ನೋಡಿಕೊಳ್ಳುವುದೂ ತರಬೇತಿಯ ದೊಡ್ಡ ಭಾಗ. ನಿಯಮಗಳು ನಾಗರಿಕರಿಗೂ ಸೈನಿಕರಿಗೂ ಒಂದೇ: ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೊ, ಹಿಮೊಗ್ಲೋಬಿನ್ 12.5 ಗ್ರಾಂ, ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರ. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನಿಂದಾಗಿ 1998ರ ಜನವರಿಯಿಂದ ಹಣಕ್ಕೆ ರಕ್ತ ಕೊಡುವುದು ನಿಂತಿತು. ಅಂದಿನಿಂದ ರಕ್ತ ಬೇಕೆಂದರೆ ಕೇಳಿ ಪಡೆಯಬೇಕು. ಆದರೆ ಹುಕುಂ ಬಂದರೆ ಇಡೀ ಕಂಪನಿ ಸಾಲಾಗಿ ನಿಲ್ಲುವ ಜಾಗದಲ್ಲಿ ಸ್ವಇಚ್ಛೆ ಎನ್ನುವುದನ್ನು ಹೇಗೆ ಕಾಪಾಡುವುದು? ಸಂಗಡಿಗರೆದುರು ಹಿಂದೆ ಸರಿಯಲು ನಾಚಿ, ಹೋದ ವರ್ಷದ ಕಾಮಾಲೆಯನ್ನು ಮುಚ್ಚಿಡುವ ಹುಡುಗನಿರುತ್ತಾನೆ. ಅದಕ್ಕೇ ಪ್ರಶ್ನೆಗಳನ್ನು ಒಬ್ಬೊಬ್ಬರನ್ನೇ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ಕೇಳಬೇಕು, ಬೇಡವೆಂದವನನ್ನು ಅವಮಾನವಾಗದಂತೆ ಕಳಿಸಬೇಕು. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಮುಂದೆ ಇದ್ದೇ ಇವೆ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಸಿಗದಿರುವುದೂ ಉಂಟು, ಆಗ ಕಾಯುವುದು ದಾನಿಯ ನಿಜದ ಮಾತೊಂದೇ.

ಇನ್ನೊಂದು ನಿಯಮ ಸೈನಿಕರಿಗೆಂದೇ ಬರೆದಂತಿದೆ. ವಿಮಾನ ಸಿಬ್ಬಂದಿ, ದೂರ ಪ್ರಯಾಣದ ಚಾಲಕರು, ತುರ್ತು ಸೇವೆಯವರು, ಕಠಿಣ ಶ್ರಮದವರು ಮುಂದಿನ ಪಾಳಿಗೆ ಮುಂಚಿನ 24 ಗಂಟೆಗಳೊಳಗೆ ರಕ್ತ ಕೊಡಬಾರದು. ರಾತ್ರಿ ಪಹರೆ ಮಾಡಿ ನಿದ್ದೆಗೆಟ್ಟವನನ್ನೂ ಮಲಗಿಸಬಾರದು.

ಸೂಜಿ ಚುಚ್ಚುವ ನರ ಹುಡುಕುವುದು ಬೆರಳಿನಿಂದ, ಕಣ್ಣಿನಿಂದಲ್ಲ. ಕಂಡ ನರ ಜಾರುತ್ತದೆ, ಬೆರಳಿಗೆ ಪುಟಿದ ನರ ನಿಲ್ಲುತ್ತದೆ. ರಕ್ತ ಬರುತ್ತಿದ್ದಂತೆ ಚೀಲವನ್ನು ತೊಟ್ಟಿಲಿನಂತೆ ತೂಗುತ್ತಿರಬೇಕು. 350 ಮಿ.ಲೀ. ಚೀಲದೊಳಗೆ 49 ಮಿ.ಲೀ. ಸಿಪಿಡಿಎ ದ್ರಾವಣವಿರುತ್ತದೆ, ಅದು ಬೆರೆಯದಿದ್ದರೆ ಚೀಲದೊಳಗೇ ಹೆಪ್ಪು. ಸರಿಯಾಗಿ ಬೆರೆತದ್ದು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ 35 ದಿನ ಬಾಳುತ್ತದೆ. ಪ್ಲೇಟ್‌ಲೆಟ್‌ಗಳಿಗೆ ತಂಪು ಆಗದು. ಅವನ್ನು ಕೋಣೆಯ ಉಷ್ಣತೆಯಲ್ಲಿ ಅಲುಗಿಸುತ್ತಲೇ ಇಡಬೇಕು, ಆಯುಷ್ಯ ಐದೇ ದಿನ. ದೂರದ ಠಾಣೆಗಳಿಗೆ ಅವು ತಲುಪುವುದೇ ಕಷ್ಟ. ಏನೂ ತಲುಪದ ಕಡೆ ಪಕ್ಕದ ಸೈನಿಕನೇ ರಕ್ತನಿಧಿ: ಗುಂಪು ಮೊದಲೇ ಖಾತ್ರಿಯಾದ ಸಂಗಡಿಗನಿಂದ ತಾಜಾ ರಕ್ತ ತೆಗೆದು ಅಲ್ಲೇ ಕೊಡುವುದು.

ಈ ಮಾತು ಬಂದಾಗ ಕಾಕಾ ಸ್ವಲ್ಪ ಹೊತ್ತು ಸುಮ್ಮನಾದರು. ನಮ್ಮದೇ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ನೆನಪು ಅದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ದಿನಗಟ್ಟಲೆ ಹಿಮದಡಿ ಇದ್ದು ಜೀವಂತವಾಗಿ ಸಿಕ್ಕ ಅವರನ್ನು ದಿಲ್ಲಿಯ ಸೇನಾ ಆಸ್ಪತ್ರೆಗೆ ತಂದರು. 11ರಂದು ಅವರು ತೀರಿಕೊಂಡರು. ಆ ದಿನಗಳಲ್ಲಿ ಆಸ್ಪತ್ರೆ ಹೊರಡಿಸಿದ ಪ್ರಕಟಣೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಸಿದ ಮಾತೂ ಇತ್ತು. ಊರೆಲ್ಲ ದೇವರ ಮುಂದೆ ದೀಪ ಹಚ್ಚುತ್ತಿದ್ದಾಗ ಕಾಕಾ ಟಿವಿಯ ಮುಂದೆ ಕುಳಿತು ಆ ಒಂದು ಸಾಲಿಗಾಗಿ ಕಿವಿಗೊಡುತ್ತಿದ್ದರಂತೆ. "ಅಂಥಾ ಟೈಮಿನ್ಯಾಗ ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇಕಾಗ್ತಾವ. ಆ ಫ್ರಿಜ್ಜಿನ ಮುಂದ ಯಾವ ಹುಡುಗ ನಿಂತಾನ ಅಂತ ನಂಗ ಅದ ಚಿಂತಿ," ಎಂದರು.

ಮೊನ್ನೆ ನಮ್ಮಲ್ಲೇ ರಕ್ತದಾನ ಶಿಬಿರವೊಂದಿತ್ತು. ಆಯೋಜಕರು ಪಂಚಾಂಗ ನೋಡಿರಲಿಲ್ಲ, ಅಂದು ಏಕಾದಶಿ. ಮಾಳಮಡ್ಡಿಯ ಬಹಳ ಮನೆಗಳಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಉಪವಾಸವಿದ್ದವರು ರಕ್ತ ಕೊಡುವಂತಿಲ್ಲ. ಕಾಲೇಜಿನ ಹುಡುಗನೊಬ್ಬ ಊಟವಾಗಿದೆ ಎಂದು ಹೇಳಿ ಮಲಗಿದ. ಚೀಲ ಅರ್ಧ ತುಂಬುವಷ್ಟರಲ್ಲಿ ಮುಖ ಬಿಳಿಚಿ, ಹಣೆ ಬೆವೆತಿತು. ಕಾಕಾ ನೋಡಲು ಬಂದವರು. ಓಡಿಹೋಗಿ ಅವನ ಕಾಲು ಎತ್ತಿ ಹಿಡಿದರು, ಸೂಜಿ ತೆಗೆಯಲು ಹೇಳಿದರು, "ಕೆಮ್ಮೋ ತಮ್ಮಾ, ಜೋರಾಗಿ ಕೆಮ್ಮು" ಎಂದರು. ಎರಡು ನಿಮಿಷದಲ್ಲಿ ಹುಡುಗನ ಬಣ್ಣ ಮರಳಿತು.

ಆಮೇಲೆ ಅವರು ಮನೆಗೆ ಹೋಗಲಿಲ್ಲ. ಬಾಗಿಲ ಬಳಿ ಒಂದು ಕುರ್ಚಿ ಹಾಕಿಸಿಕೊಂಡು, ಒಳಗೆ ಬರುತ್ತಿದ್ದ ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ ಕೇಳತೊಡಗಿದರು: "ಮುಂಜಾನೆ ಏನು ತಿಂದೀರಿ? ಖರೇ ಹೇಳ್ರಿ, ಯಾರಿಗೂ ಹೇಳಂಗಿಲ್ಲ."